ಎಲ್ ಸಾಲ್ವಡಾರ್‌ನ ಫುಟ್‌ಬಾಲ್

ಎಲ್ ಸಾಲ್ವಡಾರ್‌ನ ಫುಟ್‌ಬಾಲ್ ಎಂಬುದು ಮಧ್ಯ ಅಮೆರಿಕದ ಈ ಪುಟ್ಟ ಗಣರಾಜ್ಯದಲ್ಲಿ 19ನೇ ಶತಮಾನದ ಕೊನೆಗೆ ಕಾಲಿಟ್ಟು, ಇಂದು ರಾಷ್ಟ್ರೀಯ ತಂಡ, ವೃತ್ತಿಪರ ಲೀಗ್, ಮಹಿಳಾ ಹಾಗೂ ಯುವ ತಂಡಗಳು ಮತ್ತು ಕಡಲತೀರದ ಫುಟ್‌ಬಾಲ್ ಇಷ್ಟನ್ನೂ ಒಳಗೊಂಡು ಬೆಳೆದಿರುವ ಕ್ರೀಡಾ ವ್ಯವಸ್ಥೆ. ಸುಮಾರು 21,000 ಚದರ ಕಿಲೋಮೀಟರ್ ವಿಸ್ತೀರ್ಣ, 60 ಲಕ್ಷದ ಆಸುಪಾಸಿನ ಜನಸಂಖ್ಯೆ ಇರುವ ಈ ದೇಶ ಮಧ್ಯ ಅಮೆರಿಕದಲ್ಲೇ ಅತಿ ಚಿಕ್ಕದು. ಆದರೂ 1970 ಮತ್ತು 1982ರಲ್ಲಿ ಎರಡು ಸಲ ಪುರುಷರ ವಿಶ್ವಕಪ್ ಆಡಿದೆ. ಜನ ‘ಲಾ ಸೆಲೆಕ್ಟಾ’ ಎಂದು ಕರೆಯುವ ರಾಷ್ಟ್ರೀಯ ತಂಡದ ಉಡುಪು ಧ್ವಜದ ಬಣ್ಣಗಳಾದ ನೀಲಿ, ಬಿಳಿ. ಈ ಲೇಖನದಲ್ಲಿ ‘ಒಕ್ಕೂಟ’ ಎಂದರೆ ದೇಶದ ಆಟವನ್ನು ನಡೆಸುವ ಸಾಲ್ವಡಾರ್ ಫುಟ್‌ಬಾಲ್ ಒಕ್ಕೂಟ, ಅಂದರೆ ಫೆಸ್‌ಫುಟ್. ‘ಕಾನ್‌ಕಕಾಫ್’ ಎಂದರೆ ಉತ್ತರ ಮತ್ತು ಮಧ್ಯ ಅಮೆರಿಕ ಹಾಗೂ ಕೆರಿಬಿಯನ್ ದೇಶಗಳ ಮೇಲುಸಂಘಟನೆ.

ಹೊರಗಿನವರಿಗೆ ಈ ದೇಶದ ಫುಟ್‌ಬಾಲ್ ಗೊತ್ತಿರುವುದು ಎರಡೇ ಸುದ್ದಿಗಳಿಂದ: 1969ರ ‘ಫುಟ್‌ಬಾಲ್ ಯುದ್ಧ’ ಮತ್ತು 1982ರ ವಿಶ್ವಕಪ್‌ನಲ್ಲಿ ಹಂಗೆರಿಯಿಂದ ತಿಂದ ಹತ್ತು ಗೋಲುಗಳು. ಎರಡೂ ನಡೆದದ್ದು ನಿಜ. ಆದರೆ ಇವೆರಡನ್ನೇ ಹಿಡಿದು ಕಟ್ಟುವ ಚಿತ್ರದಲ್ಲಿ ಉನ್ಮತ್ತ ಜನ, ದುರ್ಬಲ ತಂಡ ಎಂಬ ಎರಡು ತಪ್ಪುಗಳು ಸೇರಿಕೊಳ್ಳುತ್ತವೆ. 120 ವರ್ಷಕ್ಕೂ ಮೀರಿದ ದಾಖಲೆಯನ್ನು ಒಟ್ಟಾಗಿ ಓದಿದರೆ ಬೇರೆಯದೇ ಕಾಣುತ್ತದೆ. ಒಳ್ಳೆಯ ಆಟಗಾರರಿಗೆ ಇಲ್ಲಿ ಬರ ಬಂದದ್ದು ಅಪರೂಪ. ಅವರನ್ನು ಸಾಕಿ, ತಿದ್ದಿ, ಉಳಿಸಿಕೊಳ್ಳುವ ಸಂಸ್ಥೆಗಳಿಗೆ ಮಾತ್ರ ಬರ ತಪ್ಪಿದ್ದೇ ಇಲ್ಲ. ದೇಶ ಚಿಕ್ಕದು, ಬಡದೇಶ, ಯುದ್ಧ ಕಂಡ ದೇಶ ಎಂಬ ವಾಡಿಕೆಯ ಕಾರಣಗಳು ಎಷ್ಟರಮಟ್ಟಿಗೆ ನಿಲ್ಲುತ್ತವೆ ಎಂಬುದನ್ನು ಮುಂದಿನ ಭಾಗಗಳಲ್ಲಿ ಪರಿಶೀಲಿಸಲಾಗಿದೆ.

ಆರಂಭ ಮತ್ತು ಹರಡಿಕೆ

ದೇಶದ ಮೊದಲ ದಾಖಲಾದ ಪಂದ್ಯ 1899ರಲ್ಲಿ ಪಶ್ಚಿಮದ ಸಾಂಟಾ ಆನಾ ನಗರದಲ್ಲಿ ನಡೆಯಿತು. ಸ್ಥಳೀಯರು ರಾಜಧಾನಿ ಸಾನ್ ಸಾಲ್ವಡಾರ್‌ನ ತಂಡದ ವಿರುದ್ಧ ಆಡಿದರು. ಸಾಂಟಾ ಆನಾ ಆಗ ಕಾಫಿಯ ಊರು. ಕಾಫಿ ರಫ್ತಿನ ಹಣ, ಅದರ ಜೊತೆ ಬಂದ ಯುರೋಪಿನ ಸಂಪರ್ಕ, ವಿದೇಶದಲ್ಲಿ ಓದಿ ಬಂದ ಶ್ರೀಮಂತರ ಮಕ್ಕಳು ಇದ್ದ ಕಡೆ ಚೆಂಡು ಮೊದಲು ಉರುಳಿದ್ದು ಸಹಜ. ಆದರೆ ಆಟ ಬಹಳ ಕಾಲ ಆ ವರ್ಗದ ಸ್ವತ್ತಾಗಿ ಉಳಿಯಲಿಲ್ಲ. ಮುಂದಿನ ಇಪ್ಪತ್ತು ಮೂವತ್ತು ವರ್ಷಗಳಲ್ಲಿ ಪಟ್ಟಣದ ಬಡಾವಣೆಗಳಿಗೂ ಪೂರ್ವದ ಹತ್ತಿ ಬೆಳೆಯುವ ಜಿಲ್ಲೆಗಳಿಗೂ ಇಳಿಯಿತು.

ರಾಷ್ಟ್ರೀಯ ತಂಡ ಮೊದಲು ಅಂಗಳಕ್ಕಿಳಿದದ್ದು 1921ರ ಸೆಪ್ಟೆಂಬರ್‌ನಲ್ಲಿ. ಸ್ಪೇನ್‌ನಿಂದ ಬಿಡುಗಡೆಯಾಗಿ ನೂರು ವರ್ಷ ತುಂಬಿದ ನೆನಪಿಗೆ ಗ್ವಾಟೆಮಾಲಾ ನಗರದಲ್ಲಿ ಏರ್ಪಟ್ಟ ಪಂದ್ಯಾವಳಿಯಲ್ಲಿ ಕೋಸ್ಟರಿಕಾ 7–0 ಅಂತರದಿಂದ ಗೆದ್ದಿತು. ಅಲ್ಲಿಂದ ಮುಂದಿನ ಏರಿಕೆ ಮಾತ್ರ ವೇಗದ್ದು. 1935ರ ಮಧ್ಯ ಅಮೆರಿಕ ಮತ್ತು ಕೆರಿಬಿಯನ್ ಕ್ರೀಡಾಕೂಟವನ್ನು ಸಾನ್ ಸಾಲ್ವಡಾರ್ ತನ್ನ ಫ್ಲೋರ್ ಬ್ಲಾಂಕಾ ಕ್ರೀಡಾಂಗಣದಲ್ಲಿ ನಡೆಸಿತು. ಅದೇ ವರ್ಷ ಒಕ್ಕೂಟ ಹುಟ್ಟಿತು, 1938ರಲ್ಲಿ ಫಿಫಾ ಸೇರಿತು. 1943ರಲ್ಲಿ ಕಾನ್‌ಕಕಾಫ್‌ಗೆ ಮುಂಚಿನ ಪ್ರಾದೇಶಿಕ ಸಂಘಟನೆಯ ಚಾಂಪಿಯನ್‌ಷಿಪ್ ತವರಿನಲ್ಲೇ ಸಿಕ್ಕಿತು. 1954ರಲ್ಲಿ ಮೆಕ್ಸಿಕೊ ನಗರದ ಕ್ರೀಡಾಕೂಟದಲ್ಲಿ ಚಿನ್ನ ಬಂತು, 1963ರ ಕಾನ್‌ಕಕಾಫ್ ಚಾಂಪಿಯನ್‌ಷಿಪ್‌ನಲ್ಲಿ ಎರಡನೇ ಸ್ಥಾನ, 1968ರಲ್ಲಿ ಒಲಿಂಪಿಕ್ ಪ್ರವೇಶ. ವಿಶ್ವಕಪ್‌ಗೆ ಹೋದ 1970ರ ತಂಡ ಆಕಾಶದಿಂದ ಉದುರಿದ್ದಲ್ಲ ಎಂಬುದನ್ನು ಈ ಸಾಲೇ ಹೇಳುತ್ತದೆ.

ರಚನೆ: ಒಕ್ಕೂಟ, ಲೀಗ್, ಕ್ರೀಡಾಂಗಣ

ಆಟದ ಆಡಳಿತ ಕಾಗದದ ಮೇಲೆ ಸರಳ. ಮೇಲೆ ಒಕ್ಕೂಟ, ಅದರಡಿ ಮೊದಲ, ಎರಡನೇ, ಮೂರನೇ ದರ್ಜೆಯ ಲೀಗ್‌ಗಳು, ಒಂದರಿಂದ ಇನ್ನೊಂದಕ್ಕೆ ಬಡ್ತಿ ಮತ್ತು ಹಿಂಬಡ್ತಿ. ರಾಷ್ಟ್ರೀಯ ಲೀಗ್ 1940ರ ದಶಕದ ಕೊನೆಯಲ್ಲಿ ಈಗಿನ ರೂಪಕ್ಕೆ ಬಂತು. 1998ರಿಂದ ವರ್ಷವನ್ನು ಎರಡಾಗಿ ಸೀಳಿ, ಜುಲೈನಿಂದ ಡಿಸೆಂಬರ್‌ವರೆಗೆ ‘ಅಪೆರ್ತುರಾ’, ಜನವರಿಯಿಂದ ಮೇ ತನಕ ‘ಕ್ಲೌಸುರಾ’ ಎಂಬ ಎರಡು ಬಿಡಿ ಪ್ರಶಸ್ತಿಗಳಿಗೆ ಆಡಲಾಗುತ್ತದೆ. ಎರಡರಲ್ಲೂ ಲೀಗ್ ಹಂತದ ಬಳಿಕ ನಾಕೌಟ್ ಇದೆ. ಲ್ಯಾಟಿನ್ ಅಮೆರಿಕದ ಅನೇಕ ದೇಶಗಳಲ್ಲಿರುವ ಈ ಪದ್ಧತಿ ಗಲ್ಲಾಪೆಟ್ಟಿಗೆಗೆ ಅನುಕೂಲ, ಏಕೆಂದರೆ ವರ್ಷಕ್ಕೆ ಎರಡು ಫೈನಲ್ ಸಿಗುತ್ತದೆ. ತಂಡ ಕಟ್ಟುವುದಕ್ಕೆ ಮಾತ್ರ ಅಷ್ಟು ಒಳ್ಳೆಯದಲ್ಲ. ನಾಲ್ಕೈದು ತಿಂಗಳಲ್ಲಿ ಫಲ ತೋರಿಸಬೇಕಾದ ಕೋಚ್ ಹದಿನೆಂಟರ ಹುಡುಗನ ಮೇಲೆ ಭರವಸೆ ಇಡುವ ಬದಲು ಹೊರದೇಶದ ಸಿದ್ಧ ಗೋಲುಗಾರನನ್ನು ಒಂದು ಋತುವಿಗೆ ಗೊತ್ತುಮಾಡಿಕೊಳ್ಳುತ್ತಾನೆ.

ಕ್ಲಬ್‌ಗಳ ಭೂಗೋಳ ಸ್ಪಷ್ಟವಾಗಿದೆ. ಪಶ್ಚಿಮಕ್ಕೆ ಸಾಂಟಾ ಆನಾದ ಫಾಸ್ (1947), ಪೂರ್ವಕ್ಕೆ ಸಾನ್ ಮಿಗೆಲ್‌ನ ಆಗಿಲಾ, ರಾಜಧಾನಿಗೆ ಅಲಿಯಾನ್ಸಾ, ಉಸುಲುತಾನ್‌ಗೆ ಲೂಯಿಸ್ ಆಂಹೆಲ್ ಫಿರ್ಪೊ. ಪ್ರಶಸ್ತಿಗಳ ಎಣಿಕೆಯಲ್ಲಿ ಫಾಸ್ ಮುಂದು. ಆಗಿಲಾ 1926ರಲ್ಲಿ ಹುಟ್ಟಿದರೂ ಅದರ ಮೊದಲ ಆಟ ಬೇಸ್‌ಬಾಲ್. ಫುಟ್‌ಬಾಲ್‌ಗೆ ಬಂದದ್ದು 1950ರ ದಶಕದಲ್ಲಿ. ಫಿರ್ಪೊ ಕ್ಲಬ್‌ಗೆ ಹೆಸರು ಕೊಟ್ಟವನು ಫುಟ್‌ಬಾಲಿಗನೇ ಅಲ್ಲ, 1923ರಲ್ಲಿ ಜ್ಯಾಕ್ ಡೆಂಪ್ಸಿಯೊಡನೆ ಸೆಣಸಿದ ಅರ್ಜೆಂಟೀನಾದ ಬಾಕ್ಸರ್. ಇವಲ್ಲದೆ ಸೇನೆಯ ನಂಟಿನ ಆಟ್ಲೆಟಿಕೊ ಮಾರ್ಟೆ, ಅಹುವಾಚಪಾನ್‌ನ ಒನ್ಸೆ ಮುನಿಸಿಪಾಲ್, 2007ರ ಬಳಿಕ ಕೆಲವು ವರ್ಷ ಲೀಗನ್ನು ಆಳಿದ ಇಸಿದ್ರೊ ಮೆತಪಾನ್ ಮುಖ್ಯವಾದವು. ಒಬ್ಬ ಉದ್ಯಮಿ, ಒಬ್ಬ ಮೇಯರ್ ಅಥವಾ ಒಂದು ಸರಕಾರಿ ಇಲಾಖೆಯ ಬೆಂಬಲದಿಂದ ಎದ್ದು, ಬೆಂಬಲ ಹೋದೊಡನೆ ಕುಸಿಯುವುದು ಸಣ್ಣ ಕ್ಲಬ್‌ಗಳ ಸಾಮಾನ್ಯ ಜಾತಕ. ಸರಕಾರಿ ದೂರಸಂಪರ್ಕ ಸಂಸ್ಥೆಯ ಹೆಸರಲ್ಲೇ ಆಡುತ್ತಿದ್ದ ಆಂಟೆಲ್ ತಂಡ ದೇಶದ ಅತಿ ದೊಡ್ಡ ಆಟಗಾರ ಹೋರ್ಹೆ ‘ಮಾಹಿಕೊ’ ಗೊನ್ಸಾಲೆಸ್‌ಗೆ ಮೊದಲ ಅವಕಾಶ ಕೊಟ್ಟಿತು. ಇಂದು ಆ ತಂಡ ಇಲ್ಲ.

ಪ್ರಾದೇಶಿಕ ಮಟ್ಟದಲ್ಲಿ ಈ ಕ್ಲಬ್‌ಗಳ ಸಾಧನೆ ಸಣ್ಣದಲ್ಲ. ಕಾನ್‌ಕಕಾಫ್ ಚಾಂಪಿಯನ್ಸ್ ಕಪ್ ಅಲಿಯಾನ್ಸಾಗೆ 1967ರಲ್ಲಿ, ಆಗಿಲಾಗೆ 1976ರಲ್ಲಿ, ಫಾಸ್‌ಗೆ 1979ರಲ್ಲಿ ಸಿಕ್ಕಿತು. ಮೂರೂ ಫೈನಲ್‌ಗಳಲ್ಲಿ ಎದುರಾಳಿಗಳು ಡಚ್ ಕೆರಿಬಿಯನ್‌ನವರು: ಎರಡು ಸಲ ಕ್ಯುರಾಸಾವೊದ ಯೋಂಗ್ ಕೊಲಂಬಿಯಾ, ಒಂದು ಸಲ ಸುರಿನಾಮ್‌ನ ರಾಬಿನ್‌ಹುಡ್. ಆ ಕಾಲದ ಪಂದ್ಯಾವಳಿ ಅಸ್ತವ್ಯಸ್ತವಾಗಿತ್ತು, ಬಲಿಷ್ಠ ಮೆಕ್ಸಿಕನ್ ತಂಡಗಳು ಕೊನೆಯ ತನಕ ಎದುರಾಗಲಿಲ್ಲ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಹೊಂಡುರಾಸ್, ಗ್ವಾಟೆಮಾಲಾಗಳ ಕ್ಲಬ್‌ಗಳೂ ಅದೇ ಕಣದಲ್ಲಿದ್ದವು. ಅವುಗಳ ಮಟ್ಟಕ್ಕೆ ಸಾಲ್ವಡಾರ್ ಕಡಿಮೆ ಇರಲಿಲ್ಲ ಎಂದಷ್ಟನ್ನು ಧೈರ್ಯವಾಗಿ ಹೇಳಬಹುದು. 1979ರ ಬಳಿಕ ಆ ಕಪ್ ಈ ದೇಶಕ್ಕೆ ಬಂದಿಲ್ಲ.

ಮುಖ್ಯ ಕ್ರೀಡಾಂಗಣ ಸಾನ್ ಸಾಲ್ವಡಾರ್‌ನ ಕುಸ್ಕಾತ್ಲಾನ್. 1976ರ ಜುಲೈ 24ರಂದು ಜರ್ಮನಿಯ ಬೊರುಸ್ಸಿಯಾ ಮೊಂಚೆನ್‌ಗ್ಲಾಡ್‌ಬಾಖ್ ತಂಡದ ಎದುರಿನ ಪಂದ್ಯದೊಡನೆ ತೆರೆದ ಇದು ಐವತ್ತು ಸಾವಿರ ಮೀರಿದ ಪ್ರೇಕ್ಷಕರಿಗೆಂದು ಕಟ್ಟಿದ್ದು. ಬಹುಕಾಲ ಮಧ್ಯ ಅಮೆರಿಕದ ಅತಿ ದೊಡ್ಡ ಕ್ರೀಡಾಂಗಣ ಎನಿಸಿತ್ತು. ಇದರ ಒಡೆತನ ಸರಕಾರದ್ದೂ ಅಲ್ಲ, ಒಕ್ಕೂಟದ್ದೂ ಅಲ್ಲ, ಒಂದು ಖಾಸಗಿ ಕಂಪನಿಯದು. ಒಳಗೆ ಸ್ಥಳದ ಬೆಲೆ ನಿಂತಿರುವುದು ಸೂರ್ಯನ ಮೇಲೆ. ‘ಸೋಂಬ್ರಾ’ ಎಂದರೆ ನೆರಳಿನ ಕಡೆ, ದುಬಾರಿ. ‘ಸೋಲ್’ ಎಂದರೆ ಬಿಸಿಲಿನ ಕಡೆ, ಅಗ್ಗ. ಬಿಸಿಲಿನ ಕಾಂಕ್ರೀಟ್ ಮೆಟ್ಟಿಲುಗಳಲ್ಲಿ ಆಸನ ಸಂಖ್ಯೆ ಎಂಬುದು ಹೆಚ್ಚಾಗಿ ಇರುವುದಿಲ್ಲ. ಮೊದಲು ಬಂದವರು ಮೊದಲು ಕೂರುತ್ತಾರೆ, ಉಳಿದವರು ಸಂದಿಯಲ್ಲಿ ನಿಲ್ಲುತ್ತಾರೆ. ಹಳೆಯ ಫ್ಲೋರ್ ಬ್ಲಾಂಕಾ ಈಗ ಹೋರ್ಹೆ ‘ಮಾಹಿಕೊ’ ಗೊನ್ಸಾಲೆಸ್ ಹೆಸರಿನಲ್ಲಿದೆ. ಸಾಂಟಾ ಆನಾದಲ್ಲಿ ಓಸ್ಕರ್ ಕಿತೆನ್ಯೊ, ಸಾನ್ ಮಿಗೆಲ್‌ನಲ್ಲಿ ಹುವಾನ್ ಫ್ರಾನ್ಸಿಸ್ಕೊ ಬರ್ರಾಸಾ ಕ್ರೀಡಾಂಗಣಗಳಿವೆ.

1969: ಪಂದ್ಯಗಳು ಮತ್ತು ಯುದ್ಧ

1970ರ ವಿಶ್ವಕಪ್ ಮೆಕ್ಸಿಕೊದಲ್ಲಿ ನಡೆಯಬೇಕಿದ್ದುದರಿಂದ ಆತಿಥೇಯರಿಗೆ ನೇರ ಪ್ರವೇಶವಿತ್ತು; ಪ್ರಾಂತ್ಯದ ಇನ್ನೊಂದು ಸ್ಥಾನಕ್ಕೆ ಉಳಿದವರ ನಡುವೆ ಪೈಪೋಟಿ. ಸೆಮಿಫೈನಲ್ ಹಂತದಲ್ಲಿ ಎಲ್ ಸಾಲ್ವಡಾರ್ ಮತ್ತು ಹೊಂಡುರಾಸ್ ಎದುರಾದವು. ಜೂನ್ 8ರಂದು ತೆಗುಸಿಗಾಲ್ಪಾದಲ್ಲಿ ಹೊಂಡುರಾಸ್ 1–0 ಗೆದ್ದಿತು, ಜೂನ್ 15ರಂದು ಸಾನ್ ಸಾಲ್ವಡಾರ್‌ನಲ್ಲಿ ಎಲ್ ಸಾಲ್ವಡಾರ್ 3–0 ಗೆದ್ದಿತು. ಎರಡೂ ಕಡೆ ಪಂದ್ಯದ ಹಿಂದಿನ ರಾತ್ರಿ ಅತಿಥಿ ತಂಡದ ಹೋಟೆಲ್ ಮುಂದೆ ಗದ್ದಲವೆಬ್ಬಿಸಿ ನಿದ್ದೆ ಕೆಡಿಸಲಾಯಿತು, ಎರಡೂ ಕಡೆ ಹಲ್ಲೆಗಳಾದವು. ಇಂದಿನ ನಿಯಮವಿದ್ದಿದ್ದರೆ ಒಟ್ಟು ಗೋಲುಗಳ ಲೆಕ್ಕದಲ್ಲಿ 3–1 ಎಂದು ಅಲ್ಲಿಗೇ ಮುಗಿಯುತ್ತಿತ್ತು. ಆಗ ಗೆಲುವುಗಳನ್ನಷ್ಟೇ ಎಣಿಸುತ್ತಿದ್ದುದರಿಂದ ಮೂರನೇ ಪಂದ್ಯ ಬೇಕಾಯಿತು. ಜೂನ್ 27ರಂದು ಮೆಕ್ಸಿಕೊ ನಗರದ ಅಸ್ತೆಕಾ ಕ್ರೀಡಾಂಗಣದಲ್ಲಿ, ಹೆಚ್ಚುವರಿ ಅವಧಿಯಲ್ಲಿ ಮಾರಿಸಿಯೊ ‘ಪಿಪೊ’ ರೊಡ್ರಿಗೆಸ್ ಹೊಡೆದ ಗೋಲಿನಿಂದ ಎಲ್ ಸಾಲ್ವಡಾರ್ 3–2 ಗೆದ್ದಿತು. ಜುಲೈ 14ರಂದು ಸಾಲ್ವಡಾರ್ ಸೇನೆ ಗಡಿ ದಾಟಿತು. ಸುಮಾರು ನೂರು ಗಂಟೆಗಳ ಕಾದಾಟದ ಬಳಿಕ, ಅಮೆರಿಕನ್ ರಾಜ್ಯಗಳ ಸಂಘಟನೆಯ ಮಧ್ಯಸ್ಥಿಕೆಯಲ್ಲಿ ಜುಲೈ 18ರಂದು ಕದನವಿರಾಮ ಗೊತ್ತಾಯಿತು. ಸತ್ತವರ ಸಂಖ್ಯೆಯನ್ನು ಸಾಮಾನ್ಯವಾಗಿ ಎರಡರಿಂದ ಮೂರು ಸಾವಿರ ಎಂದು ಅಂದಾಜಿಸಲಾಗುತ್ತದೆ; ಅವರಲ್ಲಿ ಹೆಚ್ಚಿನವರು ನಾಗರಿಕರು.

ಪೋಲೆಂಡ್‌ನ ವರದಿಗಾರ ರಿಷಾರ್ದ್ ಕಪುಶ್ಚಿನ್ಸ್ಕಿ ಈ ಕದನವನ್ನು ‘ಫುಟ್‌ಬಾಲ್ ಯುದ್ಧ’ ಎಂದು ಕರೆದದ್ದು ಜಗತ್ತಿನಾದ್ಯಂತ ಅಂಟಿಕೊಂಡಿತು. ಆದರೆ ಜಗಳ ಚೆಂಡಿನದ್ದಲ್ಲ, ನೆಲದ್ದು. ಹೊಂಡುರಾಸ್‌ನ ವಿಸ್ತೀರ್ಣ ಎಲ್ ಸಾಲ್ವಡಾರ್‌ಗಿಂತ ಐದು ಪಟ್ಟು ದೊಡ್ಡದು. ಜನಸಂಖ್ಯೆ ಮಾತ್ರ ಆಗ ಅದಕ್ಕಿಂತ ಕಡಿಮೆ. ಸಾಲ್ವಡಾರ್‌ನ ಒಳ್ಳೆಯ ಜಮೀನು ಕಾಫಿ ಬೆಳೆಯುವ ಕೆಲವೇ ಕುಟುಂಬಗಳ ಕೈಯಲ್ಲಿತ್ತು. ಉಳುವುದಕ್ಕೆ ನೆಲವಿಲ್ಲದ ರೈತರು ದಶಕಗಳಿಂದ ಗಡಿ ದಾಟಿ ಹೋಗಿ, 1969ರ ಹೊತ್ತಿಗೆ ಸುಮಾರು ಮೂರು ಲಕ್ಷ ಮಂದಿ ಹೊಂಡುರಾಸ್‌ನಲ್ಲಿ ನೆಲೆಸಿದ್ದರು. ಹೊಂಡುರಾಸ್ ತನ್ನ 1962ರ ಭೂಸುಧಾರಣಾ ಕಾನೂನನ್ನು ಜಾರಿಗೆ ತರುವಾಗ ದೊಡ್ಡ ಜಮೀನ್ದಾರರನ್ನೂ ಬಾಳೆತೋಟದ ಕಂಪನಿಗಳನ್ನೂ ಮುಟ್ಟುವುದಕ್ಕಿಂತ ಈ ವಲಸಿಗರನ್ನು ಒಕ್ಕಲೆಬ್ಬಿಸುವುದು ಸುಲಭವೆಂದು ಕಂಡುಕೊಂಡಿತು. ಪಂದ್ಯಗಳು ನಡೆಯುತ್ತಿದ್ದಾಗಲೇ ಕುಟುಂಬಗಳು ಗಡಿಯತ್ತ ನಡೆಯುತ್ತಿದ್ದವು. ಎಲ್ ಸಾಲ್ವಡಾರ್ ರಾಜತಾಂತ್ರಿಕ ಸಂಬಂಧ ಕಡಿದುಕೊಂಡದ್ದು ಜೂನ್ 26ರಂದು, ಅಂದರೆ ನಿರ್ಣಾಯಕ ಪಂದ್ಯದ ಹಿಂದಿನ ದಿನ. ಸೋತ ಸಿಟ್ಟಿಗೆ ಯುದ್ಧವಾಯಿತು ಎನ್ನುವವರು ಇನ್ನೊಂದನ್ನೂ ಮರೆಯುತ್ತಾರೆ: ದಾಳಿ ಮಾಡಿದ್ದು ಗೆದ್ದ ದೇಶ.

ಆದರೂ ಆಟಕ್ಕೆ ಪಾತ್ರವೇ ಇರಲಿಲ್ಲ ಎನ್ನುವುದು ಇನ್ನೊಂದು ಅತಿರೇಕ. ರೇಡಿಯೊ, ಪತ್ರಿಕೆಗಳು ಒಕ್ಕಲೆದ್ದವರ ಸಂಕಟವನ್ನೂ ಕ್ರೀಡಾಂಗಣದ ಅವಮಾನವನ್ನೂ ಒಂದೇ ಉಸಿರಿನಲ್ಲಿ ಹೇಳಿದವು. ಭೂಮಿಯ ಪ್ರಶ್ನೆ ಹಳ್ಳಿಯಲ್ಲಿತ್ತು, ಪಂದ್ಯ ಅದನ್ನು ನಗರದ ಬೀದಿಗೆ ತಂದಿತು. ಸರಕಾರಗಳೆರಡಕ್ಕೂ ಜನರ ಗಮನವನ್ನು ಒಳಗಿನ ಅಸಮಾನತೆಯಿಂದ ಹೊರಗಿನ ಶತ್ರುವಿನತ್ತ ತಿರುಗಿಸುವ ಅಗತ್ಯವಿತ್ತು, ಫುಟ್‌ಬಾಲ್ ಅದಕ್ಕೆ ಒದಗಿಬಂತು. ಎರಡು ದೇಶಗಳ ಶಾಂತಿ ಒಪ್ಪಂದಕ್ಕೆ 1980ರವರೆಗೆ ಕಾಯಬೇಕಾಯಿತು. ಹೊಂಡುರಾಸ್‌ನಿಂದ ಹಿಂದಿರುಗಿದ ಹತ್ತಾರು ಸಾವಿರ ನೆಲರಹಿತರು ಮೊದಲೇ ಬಿಗಿದಿದ್ದ ದೇಶದೊಳಗಿನ ಒತ್ತಡವನ್ನು ಹೆಚ್ಚಿಸಿದರು. ಅಂತರ್ಯುದ್ಧಕ್ಕೆ ದಾರಿಯಾದ ಕಾರಣಗಳಲ್ಲಿ ಇದೂ ಒಂದು.

ವಿಶ್ವಕಪ್: 1970 ಮತ್ತು 1982

ಹೊಂಡುರಾಸ್ ಬಳಿಕ ಹೈಟಿ ಎದುರಾಯಿತು. ಅಲ್ಲಿ ನಿಯಮದ ತಕ್ಕಡಿ ಸಾಲ್ವಡಾರ್ ಕಡೆ ವಾಲಿತು. ಪೋರ್ಟ್-ಒ-ಪ್ರಾನ್ಸ್‌ನಲ್ಲಿ 2–1 ಗೆಲುವು, ತವರಿನಲ್ಲಿ 0–3 ಸೋಲು. ಗೋಲುಗಳನ್ನು ಕೂಡಿಸಿದ್ದರೆ ಹೈಟಿ ಮುಂದೆ ಹೋಗುತ್ತಿತ್ತು. ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ನಡೆದ ಮೂರನೇ ಪಂದ್ಯವನ್ನು ಹೆಚ್ಚುವರಿ ಅವಧಿಯಲ್ಲಿ 1–0 ಗೆದ್ದು ಎಲ್ ಸಾಲ್ವಡಾರ್ ವಿಶ್ವಕಪ್ ತಲುಪಿದ ಮೊದಲ ಮಧ್ಯ ಅಮೆರಿಕದ ದೇಶವಾಯಿತು. ಮೆಕ್ಸಿಕೊದಲ್ಲಿ ಮೂರೂ ಪಂದ್ಯ ಸೋತಿತು: ಬೆಲ್ಜಿಯಂಗೆ 0–3, ಮೆಕ್ಸಿಕೊಗೆ 0–4, ಸೋವಿಯತ್ ಒಕ್ಕೂಟಕ್ಕೆ 0–2. ಮೆಕ್ಸಿಕೊ ವಿರುದ್ಧದ ಮೊದಲ ಗೋಲು ಇಂದಿಗೂ ವಿವಾದದ್ದು. ಈಜಿಪ್ಟಿನ ರೆಫರಿ ಅಲಿ ಕಂದೀಲ್ ಫ್ರೀಕಿಕ್ ಕೊಟ್ಟದ್ದು ತಮಗೆ ಎಂದು ಸಾಲ್ವಡಾರ್ ಆಟಗಾರರು ತಿಳಿದಿದ್ದಾಗ ಮೆಕ್ಸಿಕನ್ನರು ಅದನ್ನು ಹೊಡೆದೇಬಿಟ್ಟರು, ಗೋಲಾಯಿತು, ಪ್ರತಿಭಟನೆಗೆ ಬೆಲೆ ಸಿಗಲಿಲ್ಲ.

1982ರ ದಾರಿ ಇನ್ನೂ ಕಠಿಣ. 1980ರಲ್ಲಿ ಹೊತ್ತಿಕೊಂಡ ಅಂತರ್ಯುದ್ಧ 1992ರ ಚಾಪುಲ್ತೆಪೆಕ್ ಒಪ್ಪಂದದವರೆಗೆ ನಡೆದು ಸುಮಾರು 75,000 ಜೀವ ತೆಗೆದುಕೊಂಡಿತು. ಅದರ ನಡುವೆಯೇ 1981ರ ನವೆಂಬರ್‌ನಲ್ಲಿ, ಹನ್ನೆರಡು ವರ್ಷಗಳ ಹಿಂದೆ ತಾನು ದಾಳಿ ಮಾಡಿದ್ದ ದೇಶದ ರಾಜಧಾನಿ ತೆಗುಸಿಗಾಲ್ಪಾದಲ್ಲಿ, ಅರ್ಹತೆಯ ಕೊನೆಯ ಸುತ್ತು ಜರುಗಿತು. ಎವೆರ್ ಎರ್ನಾಂದೆಸ್ ಗೋಲಿನಿಂದ ಮೆಕ್ಸಿಕೊವನ್ನು 1–0 ಸೋಲಿಸಿದ ಎಲ್ ಸಾಲ್ವಡಾರ್, ಹೈಟಿಯನ್ನೂ ಅಷ್ಟೇ ಅಂತರದಿಂದ ಸೋಲಿಸಿ, ಹೊಂಡುರಾಸ್ ಮತ್ತು ಕ್ಯೂಬಾ ಜೊತೆ ಗೋಲಿಲ್ಲದೆ ಸಮಮಾಡಿಕೊಂಡು, ಕೆನಡಾಗೆ 0–1 ಸೋತಿತು. ಐದು ಪಂದ್ಯಗಳಲ್ಲಿ ಹೊಡೆದದ್ದು ಎರಡೇ ಗೋಲು, ಬಿಟ್ಟುಕೊಟ್ಟದ್ದು ಒಂದೇ. ಹೊಂಡುರಾಸ್ ಮೊದಲನೆಯದು, ಎಲ್ ಸಾಲ್ವಡಾರ್ ಎರಡನೆಯದು, ಮೆಕ್ಸಿಕೊ ಹೊರಬಿತ್ತು.

ಐದು ಪಂದ್ಯಕ್ಕೆ ಒಂದು ಗೋಲು ಬಿಟ್ಟ ರಕ್ಷಣೆ ಏಳು ತಿಂಗಳ ಬಳಿಕ ಒಂದೇ ಸಂಜೆ ಹತ್ತು ಬಿಟ್ಟಿತು. ಹಂಗೆರಿ ಬಲಿಷ್ಠ ತಂಡವಾಗಿತ್ತು ಎಂಬ ವಿವರಣೆ ಸಾಲದು. ಅದೇ ಹಂಗೆರಿ ಬೆಲ್ಜಿಯಂ ಜೊತೆ 1–1 ಮಾಡಿಕೊಂಡು, ಅರ್ಜೆಂಟೀನಾಗೆ 1–4 ಸೋತು ಮೊದಲ ಸುತ್ತಿನಲ್ಲೇ ಮನೆಗೆ ಹೋಯಿತು. ಸಿದ್ಧತೆಯತ್ತ ನೋಡಿದರೆ ಕಾರಣ ಹುಡುಕಬೇಕಾಗಿಲ್ಲ. ಪ್ರತಿ ತಂಡ 22 ಆಟಗಾರರನ್ನು ಕರೆತರಬಹುದಿದ್ದಾಗ ಎಲ್ ಸಾಲ್ವಡಾರ್ ಕರೆತಂದದ್ದು 20 ಮಂದಿಯನ್ನು. ಉದ್ದನೆಯ ಪ್ರಯಾಣ ಮುಗಿಸಿ ಸ್ಪೇನ್ ಮುಟ್ಟಿದ್ದು ಪಂದ್ಯಕ್ಕೆ ಕೆಲವೇ ದಿನ ಮೊದಲು. ಜೂನ್ 15ರಂದು ಎಲ್ಚೆಯಲ್ಲಿ ವಿರಾಮದ ಹೊತ್ತಿಗೆ ಅಂತರ 0–3. ಅದು 0–5 ಆದಮೇಲೆ 64ನೇ ನಿಮಿಷದಲ್ಲಿ ಲೂಯಿಸ್ ರಾಮಿರೆಸ್ ಸಪಾತಾ ಒಂದು ಗೋಲು ಹೊಡೆದ. ವಿಶ್ವಕಪ್‌ನಲ್ಲಿ ದೇಶದ ಏಕೈಕ ಗೋಲು ಅದೇ. ಅದರ ಹುರುಪಿನಲ್ಲಿ ತಂಡ ಮುನ್ನುಗ್ಗಿತು, ಹಿಂದೆ ಬಯಲಾಯಿತು. 69ರಿಂದ 83ನೇ ನಿಮಿಷದೊಳಗೆ ಇನ್ನೈದು ಗೋಲು ಬಿದ್ದವು. ಬದಲಿಯಾಗಿ ಬಂದ ಲಾಸ್ಲೊ ಕಿಶ್ ಏಳು ನಿಮಿಷದಲ್ಲಿ ಮೂರು ಹೊಡೆದ. ಗೋಲ್‌ಕೀಪರ್ ಲೂಯಿಸ್ ಗೆವಾರಾ ಮೋರಾಗೆ ಆಗ ಇಪ್ಪತ್ತು ವರ್ಷ.

ಈ ಸೋಲಿನ ಬಗ್ಗೆ ಬರೆಯುವವರು ಮುಂದಿನ ಎರಡು ಪಂದ್ಯಗಳನ್ನು ಬಿಟ್ಟುಬಿಡುತ್ತಾರೆ. ಅದೇ ಹುಡುಗರು, 1969ರಲ್ಲಿ ಅಸ್ತೆಕಾದಲ್ಲಿ ಗೆಲುವಿನ ಗೋಲು ಹೊಡೆದಿದ್ದ ರೊಡ್ರಿಗೆಸ್ ಅವರ ತರಬೇತಿಯಲ್ಲೇ, ನಾಲ್ಕು ದಿನ ಕಳೆದು ಬೆಲ್ಜಿಯಂಗೆ ಕೇವಲ 0–1 ಸೋತರು; ಹಾಲಿ ಚಾಂಪಿಯನ್ ಅರ್ಜೆಂಟೀನಾಗೆ, ಮರಡೋನಾ ಇದ್ದೂ, ಅವರ ಮೇಲೆ ಎರಡಕ್ಕಿಂತ ಹೆಚ್ಚು ಗೋಲು ಹೊಡೆಯಲಾಗಲಿಲ್ಲ. ಆಟಗಾರರು ಬದಲಾಗಿರಲಿಲ್ಲ. ನಿದ್ದೆ, ಅಭ್ಯಾಸ, ಹವೆಗೆ ಒಗ್ಗಿಕೊಳ್ಳಲು ಸಮಯ ಇಷ್ಟೇ ಸಿಕ್ಕಿದ್ದು. 10–1 ಎಂಬ ಅಂಕ ಆಟದ ಮಟ್ಟಕ್ಕಿಂತ ಹೆಚ್ಚಾಗಿ ತಂಡವನ್ನು ಕಳಿಸಿಕೊಟ್ಟ ರೀತಿಯನ್ನು ಅಳೆಯುತ್ತದೆ.

ಪ್ರಮುಖ ಆಟಗಾರರು

ಆ ತಂಡದಿಂದ ಲೋಕಕ್ಕೆ ಪರಿಚಯವಾದವನು ಹೋರ್ಹೆ ಗೊನ್ಸಾಲೆಸ್ (ಜನನ 1958), ‘ಮಾಹಿಕೊ’ ಅಂದರೆ ಮಾಂತ್ರಿಕ ಎಂಬ ಬಿರುದಿನವನು. ಆಂಟೆಲ್, ಇಂಡಿಪೆಂಡಿಯೆಂತೆ, ಫಾಸ್ ಮೂಲಕ ಬೆಳೆದು, ವಿಶ್ವಕಪ್ ಮುಗಿದೊಡನೆ ಸ್ಪೇನ್‌ನ ಕಾದಿಸ್ ಕ್ಲಬ್ ಸೇರಿದ. 1985ರ ಸುಮಾರಿಗೆ ಕೆಲಕಾಲ ವಯ್ಯಾದೊಲಿದ್‌ನಲ್ಲಿ ಆಡಿದ್ದು ಬಿಟ್ಟರೆ 1991ರವರೆಗೂ ಅಲ್ಲೇ ಇದ್ದ. ಬಳಿಕ ಫಾಸ್‌ಗೆ ಮರಳಿ ನಲವತ್ತು ದಾಟುವ ತನಕ ಆಡಿದ. ಅವನ ಡ್ರಿಬ್ಲಿಂಗ್ ಅನ್ನು ಮರಡೋನಾ ಬಹಿರಂಗವಾಗಿ ಹೊಗಳಿದ್ದುಂಟು. ಅಭ್ಯಾಸಕ್ಕೆ ತಡವಾಗಿ ಬರುವುದು, ನಿದ್ದೆ, ರಾತ್ರಿಯ ತಿರುಗಾಟ ಇವು ಅವನ ಕೀರ್ತಿಯ ಇನ್ನೊಂದು ಮುಖ. ಶಿಸ್ತಿಲ್ಲದ್ದರಿಂದ ದೊಡ್ಡ ಕ್ಲಬ್ ಸಿಗಲಿಲ್ಲ ಎಂಬ ಮಾತು ಸರಿಯೇ. ಆದರೆ ಅದನ್ನು ಅವನೊಬ್ಬನ ಸ್ವಭಾವಕ್ಕೆ ಕಟ್ಟಿ ಕೈತೊಳೆದುಕೊಳ್ಳುವುದು ಸುಲಭದ ದಾರಿ. ಹದಿಹರೆಯದವರನ್ನು ಹಿಡಿದು ವೃತ್ತಿಗೆ ಅಣಿಮಾಡುವ ತರಬೇತಿ ಶಾಲೆ ದೇಶದಲ್ಲಿ ಒಂದೂ ಗಟ್ಟಿಯಾಗಿ ನಿಂತಿರದ ಕಾಲವದು. ಬೀದಿಯಲ್ಲಿ ಕಲಿತ ಆಟದೊಂದಿಗೇ ಬೀದಿಯ ಅಭ್ಯಾಸಗಳೂ ಬಂದವು. ಅವನ ನಂತರ ಯುರೋಪಿನಲ್ಲಿ ಅಷ್ಟು ಎತ್ತರಕ್ಕೇರಿದ ಸಾಲ್ವಡಾರ್ ಆಟಗಾರ ಬಂದಿಲ್ಲ.

1996ರಲ್ಲಿ ಅಮೆರಿಕದ ಮೇಜರ್ ಲೀಗ್ ಸಾಕರ್ ಆರಂಭವಾದಾಗ ಇಬ್ಬರು ಸಾಲ್ವಡಾರಿಗರು ಅದರ ಮುಂಚೂಣಿಯಲ್ಲಿದ್ದರು: ಡಿಸಿ ಯುನೈಟೆಡ್‌ನ ಗೋಲುಗಾರ ರೌಲ್ ದಿಯಾಸ್ ಆರ್ಸೆ, ಲಾಸ್ ಏಂಜಲಿಸ್ ಗ್ಯಾಲಕ್ಸಿಯ ಮಿಡ್‌ಫೀಲ್ಡರ್ ಮಾರಿಸಿಯೊ ಸಿಯೆನ್‌ಫ್ಯುಯೆಗೊಸ್. ಆ ಎರಡು ಊರುಗಳನ್ನು ಆರಿಸಿದ್ದರ ಹಿಂದೆ ಲೆಕ್ಕಾಚಾರವಿತ್ತು. ಅಂತರ್ಯುದ್ಧದಿಂದ ಓಡಿಹೋದ ಲಕ್ಷಾಂತರ ಮಂದಿ ನೆಲೆ ನಿಂತದ್ದು ಅಲ್ಲೇ.

ಇತರ ಪ್ರಕಾರಗಳು

ಕಡಲತೀರದ ಫುಟ್‌ಬಾಲ್‌ನಲ್ಲಿ ಎಲ್ ಸಾಲ್ವಡಾರ್‌ನ ಹೆಸರು ದೊಡ್ಡದು. ಮರಳಿನ ಮೇಲೆ, ಬರಿಗಾಲಲ್ಲಿ, ಐದೈದು ಮಂದಿ ಆಡುವ ಈ ಆಟಕ್ಕೆ ರಾಷ್ಟ್ರೀಯ ತಂಡದ ಹಲವರು ಬಂದದ್ದು ಉಸುಲುತಾನ್‌ನ ಹಿಕಿಲಿಸ್ಕೊ ಕೊಲ್ಲಿಯಲ್ಲಿರುವ ಲಾ ಪಿರಾಯಾ ಎಂಬ ಮೀನುಗಾರರ ದ್ವೀಪದಿಂದ. ಬಲೆ ಎಳೆದು ಬದುಕುತ್ತಿದ್ದ ಈ ತರುಣರ ತಂಡ 2011ರಲ್ಲಿ ಇಟಲಿಯ ರವೆನ್ನಾದಲ್ಲಿ ನಡೆದ ಫಿಫಾ ಕಡಲತೀರ ವಿಶ್ವಕಪ್‌ನ ಕ್ವಾರ್ಟರ್‌ಫೈನಲ್‌ನಲ್ಲಿ ಆತಿಥೇಯ ಇಟಲಿಯನ್ನೇ ಸೋಲಿಸಿ, ಕೊನೆಗೆ ನಾಲ್ಕನೇ ಸ್ಥಾನ ಪಡೆಯಿತು. ಫುಟ್‌ಬಾಲ್‌ನ ಯಾವ ಪ್ರಕಾರದಲ್ಲೂ ದೇಶ ವಿಶ್ವಮಟ್ಟದಲ್ಲಿ ಅದಕ್ಕಿಂತ ಮೇಲೆ ಹೋಗಿಲ್ಲ. ದುಬಾರಿ ಮೈದಾನ, ವರ್ಷಪೂರ್ತಿ ಲೀಗ್, ಏಜೆಂಟರು ಬೇಕಿಲ್ಲದ ಆಟದಲ್ಲಿ ಈ ಯಶಸ್ಸು ಬಂದದ್ದು ಗಮನಾರ್ಹ. ಸಂಸ್ಥೆಯ ಹೊರೆ ಕಡಿಮೆ ಇದ್ದಲ್ಲಿ ಪ್ರತಿಭೆ ತಾನೇ ದಾರಿ ಕಂಡುಕೊಂಡಿತು.

ಯುವಕರಲ್ಲಿ 20 ವರ್ಷದೊಳಗಿನ ತಂಡ 2013ರಲ್ಲಿ ಟರ್ಕಿಯ ವಿಶ್ವಕಪ್‌ಗೆ ಮೊದಲ ಸಲ ಹೋಗಿ ಆಸ್ಟ್ರೇಲಿಯಾವನ್ನು 2–1 ಸೋಲಿಸಿತು. 2002ರಲ್ಲಿ ತವರಿನ ಮಧ್ಯ ಅಮೆರಿಕ ಮತ್ತು ಕೆರಿಬಿಯನ್ ಕ್ರೀಡಾಕೂಟದಲ್ಲಿ ಚಿನ್ನ ಬಂದಿತ್ತು. ಮಹಿಳಾ ಫುಟ್‌ಬಾಲ್ ತಡವಾಗಿ ಸಂಘಟಿತವಾಯಿತು. ರಾಷ್ಟ್ರೀಯ ತಂಡ 2024ರ ಕಾನ್‌ಕಕಾಫ್ ಮಹಿಳಾ ಗೋಲ್ಡ್ ಕಪ್‌ನಲ್ಲಿ ಕೆನಡಾ, ಕೋಸ್ಟರಿಕಾ, ಪರಾಗ್ವೆ ಇದ್ದ ಗುಂಪಿನಲ್ಲಿ ಆಡಿತು.

ಕುಸಿತ ಮತ್ತು ಅದರ ಕಾರಣಗಳು

1982ರ ಬಳಿಕ ಪುರುಷರ ತಂಡ ವಿಶ್ವಕಪ್ ಕಂಡಿಲ್ಲ. 1991ರಿಂದ ನಡೆಯುತ್ತಿರುವ ಗೋಲ್ಡ್ ಕಪ್‌ನಲ್ಲಿ ಕ್ವಾರ್ಟರ್‌ಫೈನಲ್ ದಾಟಿಲ್ಲ. 1991ರಿಂದ 2017ರವರೆಗೆ 14 ಸಲ ನಡೆದ ಮಧ್ಯ ಅಮೆರಿಕ ಕಪ್‌ನಲ್ಲಿ ಕೋಸ್ಟರಿಕಾ, ಹೊಂಡುರಾಸ್, ಗ್ವಾಟೆಮಾಲಾ, ಪನಾಮಾ ಎಲ್ಲವೂ ಗೆದ್ದವು, ಎಲ್ ಸಾಲ್ವಡಾರ್ ಒಮ್ಮೆಯೂ ಗೆಲ್ಲಲಿಲ್ಲ. ಕಾರಣವೇನೆಂದು ಕೇಳಿದರೆ ಮೊದಲ ಉತ್ತರ ದೇಶ ಚಿಕ್ಕದು ಎಂಬುದು. ಕೋಸ್ಟರಿಕಾದ ಜನಸಂಖ್ಯೆ ಇದಕ್ಕಿಂತ ಕಡಿಮೆ. 2014ರಲ್ಲಿ ಅದು ವಿಶ್ವಕಪ್ ಕ್ವಾರ್ಟರ್‌ಫೈನಲ್ ಆಡಿತು. ಪನಾಮಾ ಇನ್ನೂ ಚಿಕ್ಕದು. 2018 ಮತ್ತು 2026ಕ್ಕೆ ಅರ್ಹತೆ ಪಡೆಯಿತು. ಸುಮಾರು ಒಂದೂವರೆ ಲಕ್ಷ ಜನರ ಕ್ಯುರಾಸಾವೊ 2026ಕ್ಕೆ ಪ್ರವೇಶ ಪಡೆದ ಮೇಲಂತೂ ಈ ವಾದ ನಿಲ್ಲುವುದಿಲ್ಲ. ಎರಡನೇ ಉತ್ತರ ಬಡತನ. ತಲಾ ಆದಾಯದಲ್ಲಿ ಹೊಂಡುರಾಸ್ ಎಲ್ ಸಾಲ್ವಡಾರ್‌ಗಿಂತ ಕೆಳಗಿದೆ, ಆದರೂ 2010 ಮತ್ತು 2014ರ ವಿಶ್ವಕಪ್ ಆಡಿತು. ಮೂರನೆಯದು ಯುದ್ಧ. ಇದು ಮೇಲಿನೆರಡಕ್ಕಿಂತ ಗಟ್ಟಿ. ಒಂದಿಡೀ ಪೀಳಿಗೆ ಊರು ಬಿಟ್ಟಿತು, ಮೈದಾನಗಳು ಹಾಳುಬಿದ್ದವು. ಆದರೆ ತಂಡ ವಿಶ್ವಕಪ್‌ಗೆ ಹೋದದ್ದು ಯುದ್ಧದ ನಡುವೆ, ಬರಗಾಲ ಮುಂದುವರಿದದ್ದು ಶಾಂತಿ ಬಂದು ಮೂವತ್ತು ವರ್ಷವಾದ ಮೇಲೂ.

ಉಳಿಯುವುದು ಆಡಳಿತ. 2010ರ ಮೇ ತಿಂಗಳಲ್ಲಿ ಸರಕಾರದೊಡನೆ ಒಕ್ಕೂಟದ ಮಾನ್ಯತೆಯ ತಕರಾರು ಬಿಗಡಾಯಿಸಿ ಫಿಫಾ ದೇಶವನ್ನು ಕೆಲ ವಾರ ಅಮಾನತು ಮಾಡಿತು. 2013ರಲ್ಲಿ ರಾಷ್ಟ್ರೀಯ ತಂಡದ ಪಂದ್ಯಗಳನ್ನು ಹಣಕ್ಕೆ ಸೋತ ಪ್ರಕರಣ ಬಯಲಾಗಿ, ಸೆಪ್ಟೆಂಬರ್‌ನಲ್ಲಿ 14 ಆಟಗಾರರಿಗೆ ಆಜೀವ ನಿಷೇಧ ಬಿತ್ತು; ಸಂಬಳ ಸರಿಯಾಗಿ ಬಾರದ ಲೀಗ್‌ನಲ್ಲಿ ಬೆಟ್ಟಿಂಗ್ ದಂಧೆಯವರಿಗೆ ಹೆಚ್ಚು ಖರ್ಚೂ ಆಗಿರಲಾರದು. 2015ರ ಫಿಫಾ ಲಂಚ ಹಗರಣದಲ್ಲಿ ಒಕ್ಕೂಟದ ಮಾಜಿ ಅಧ್ಯಕ್ಷರೊಬ್ಬರ ಮೇಲೆ ಅಮೆರಿಕದಲ್ಲಿ ಆರೋಪಪಟ್ಟಿ ದಾಖಲಾಗಿ, ಮುಂದೆ ಶಿಕ್ಷೆಯಾಯಿತು. 2022ರಲ್ಲಿ ಸರಕಾರಿ ಕ್ರೀಡಾ ಸಂಸ್ಥೆ ಒಕ್ಕೂಟದ ಪದಾಧಿಕಾರಿಗಳನ್ನು ಕೆಳಗಿಳಿಸಿದ್ದಕ್ಕೆ ಫಿಫಾ ಆಕ್ಷೇಪಿಸಿ, ಕೊನೆಗೆ ತನ್ನದೇ ತಾತ್ಕಾಲಿಕ ಸಮಿತಿಯನ್ನು ಕೂರಿಸಿತು. ನೆರೆಯ ದೇಶಗಳಲ್ಲೂ ಭ್ರಷ್ಟಾಚಾರವಿದೆ ಎಂಬ ಆಕ್ಷೇಪ ಇಲ್ಲಿ ಏಳುತ್ತದೆ. 2015ರ ಹಗರಣದಲ್ಲಿ ಅವರ ಅಧಿಕಾರಿಗಳೂ ಸಿಕ್ಕಿಬಿದ್ದರು. ವ್ಯತ್ಯಾಸವಿರುವುದು ಕ್ಲಬ್‌ಗಳ ಬಲದಲ್ಲಿ. ಕೋಸ್ಟರಿಕಾದ ಸಪ್ರೀಸಾ, ಅಲಾಹುಯೆಲೆನ್ಸೆ, ಹೊಂಡುರಾಸ್‌ನ ಒಲಿಂಪಿಯಾ ಒಕ್ಕೂಟ ಮುಗ್ಗರಿಸಿದಾಗಲೂ ಆಟಗಾರರನ್ನು ತಯಾರಿಸಿ ಹೊರಗೆ ಮಾರುತ್ತ ಬಂದವು. ಸಾಲ್ವಡಾರ್‌ನಲ್ಲಿ ಆ ಎರಡನೇ ಆಸರೆ ಇರಲಿಲ್ಲ.

ಇಂದಿನ ಸ್ಥಿತಿ

2023ರ ಮೇ 20ರಂದು ಕುಸ್ಕಾತ್ಲಾನ್‌ನಲ್ಲಿ ಅಲಿಯಾನ್ಸಾ–ಫಾಸ್ ಕ್ವಾರ್ಟರ್‌ಫೈನಲ್ ವೇಳೆ ಬಿಸಿಲಿನ ಕಡೆಯ ಅಗ್ಗದ ಗ್ಯಾಲರಿಯ ಬಾಗಿಲಲ್ಲಿ ಕಾಲ್ತುಳಿತ ಸಂಭವಿಸಿ 12 ಮಂದಿ ಸತ್ತರು. ಟಿಕೆಟ್ ಕೈಯಲ್ಲಿದ್ದೂ ಒಳಗೆ ಬಿಡದ ಜನ ಮುಚ್ಚಿದ ಬಾಗಿಲನ್ನು ತಳ್ಳಿಕೊಂಡು ಬಂದಿದ್ದರು. ಪಂದ್ಯ ನಿಂತಿತು, ಆ ಕ್ಲೌಸುರಾವನ್ನೇ ರದ್ದು ಮಾಡಲಾಯಿತು, ಅಲಿಯಾನ್ಸಾಗೆ ದಂಡದ ಜೊತೆಗೆ ಒಂದು ವರ್ಷ ಪ್ರೇಕ್ಷಕರಿಲ್ಲದೆ ಆಡುವ ಶಿಕ್ಷೆ ವಿಧಿಸಲಾಯಿತು. ಟಿಕೆಟ್ ಮಾರಾಟ ಕ್ಲಬ್‌ನದು, ಕಟ್ಟಡ ಕಂಪನಿಯದು, ಪಂದ್ಯ ಲೀಗ್‌ನದು. ಬಾಗಿಲಿಗೆ ಯಾರು ಹೊಣೆ ಎಂಬ ಪ್ರಶ್ನೆಗೆ ಮುಂಚೆಯೇ ಉತ್ತರ ಬರೆದಿಟ್ಟಿರಲಿಲ್ಲ.

ರಾಷ್ಟ್ರೀಯ ತಂಡದ ಮಟ್ಟಿಗೆ ಹೊಸ ದಾರಿ ತೋರಿದ್ದು ವಲಸೆ. ಇಪ್ಪತ್ತು ಲಕ್ಷಕ್ಕೂ ಮೀರಿ ಸಾಲ್ವಡಾರ್ ಮೂಲದವರು ಅಮೆರಿಕದಲ್ಲಿದ್ದಾರೆ. ಎಲ್ ಸಾಲ್ವಡಾರ್‌ನಲ್ಲಿ ಹುಟ್ಟಿ ಅಮೆರಿಕದ ಪರ ಆಡಿದ್ದ ಹೂಗೊ ಪೆರೆಸ್ 2021ರಲ್ಲಿ ಕೋಚ್ ಆದಾಗ, ಸಿಯಾಟಲ್ ಸೌಂಡರ್ಸ್‌ನ ಅಲೆಕ್ಸ್ ರೊಲ್ಡಾನ್‌ರಂಥ, ಅಲ್ಲೇ ಹುಟ್ಟಿ ಅಲ್ಲಿನ ಕ್ಲಬ್‌ಗಳಲ್ಲೇ ತಯಾರಾದವರನ್ನು ಕರೆತಂದರು. ಅದೇ ವರ್ಷ ತಂಡ ಗೋಲ್ಡ್ ಕಪ್ ಕ್ವಾರ್ಟರ್‌ಫೈನಲ್‌ನಲ್ಲಿ ಅತಿಥಿ ತಂಡ ಕತಾರ್‌ಗೆ 2–3 ಸೋತಿತು. 2022ರ ವಿಶ್ವಕಪ್ ಅರ್ಹತೆಯ ಎಂಟು ತಂಡಗಳ ಕೊನೆಯ ಸುತ್ತಿನಲ್ಲಿ 10 ಅಂಕಗಳೊಡನೆ ಏಳನೆಯದಾಯಿತು. ಫಲಿತಾಂಶ ಸಾಧಾರಣ, ಆದರೆ ಆಟದ ಧಾಟಿ ಬದಲಾಗಿತ್ತು. 2023ರಲ್ಲಿ ಪೆರೆಸ್ ಹೊರಟರು. ಮುಂದಿನ ಎರಡು ವರ್ಷದೊಳಗೆ ರೂಬೆನ್ ದೆ ಲಾ ಬಾರ್ರೆರಾ, ದಾವಿದ್ ದೊನಿಗಾ, ಪನಾಮಾವನ್ನು 2018ರ ವಿಶ್ವಕಪ್‌ಗೆ ಮುಟ್ಟಿಸಿದ್ದ ಕೊಲಂಬಿಯಾದ ಎರ್ನಾನ್ ದಾರಿಯೊ ಗೊಮೆಸ್ ಒಬ್ಬರ ಹಿಂದೊಬ್ಬರು ಬಂದರು. 2026ರ ಅರ್ಹತೆಯ ಕೊನೆಯ ಸುತ್ತಿನಲ್ಲಿ ಗ್ವಾಟೆಮಾಲಾ ನೆಲದಲ್ಲಿ ಗೆಲುವಿನೊಡನೆ ಆರಂಭಿಸಿದ ತಂಡ, ಪನಾಮಾ, ಸುರಿನಾಮ್, ಗ್ವಾಟೆಮಾಲಾ ಮೂರಕ್ಕೂ ಕೆಳಗೆ ಗುಂಪಿನ ತಳದಲ್ಲಿ ಮುಗಿಸಿತು.

ಸುರಿನಾಮ್ ಮತ್ತು ಕ್ಯುರಾಸಾವೊಗಳ ಏರಿಕೆ ಸಾಲ್ವಡಾರ್‌ಗೆ ಪಾಠವೆಂದು ಹೇಳಲಾಗುತ್ತಿದೆ. ಒಂದು ಕಾಲಕ್ಕೆ ಇವುಗಳ ಕ್ಲಬ್‌ಗಳನ್ನು ಸಾಲ್ವಡಾರ್ ಕ್ಲಬ್‌ಗಳು ಫೈನಲ್‌ಗಳಲ್ಲಿ ಮಣಿಸಿದ್ದವು. ಈಗ ಎರಡೂ ತಂಡಗಳ ಬಹುಪಾಲು ಆಟಗಾರರು ನೆದರ್‌ಲೆಂಡ್ಸ್‌ನಲ್ಲಿ ಹುಟ್ಟಿ, ಅಲ್ಲಿನ ಅಕಾಡೆಮಿಗಳಲ್ಲಿ ಕಲಿತವರು. ತಮ್ಮಲ್ಲಿಲ್ಲದ ತರಬೇತಿ ವ್ಯವಸ್ಥೆಯನ್ನು ವಲಸಿಗರ ಮೂಲಕ ಎರವಲು ಪಡೆದವು ಎನ್ನಬಹುದು. ಎಲ್ ಸಾಲ್ವಡಾರ್‌ಗೂ ಅದು ಸಾಧ್ಯ, ಒಂದು ಮಿತಿಯೊಳಗೆ: ಅಮೆರಿಕದಲ್ಲಿ ಹುಟ್ಟಿದ ಅತ್ಯುತ್ತಮ ಆಟಗಾರರನ್ನು ಅಮೆರಿಕವೇ ಮೊದಲು ಆರಿಸಿಕೊಳ್ಳುತ್ತದೆ, ಎರಡನೇ ಸಾಲಿನವರು ಇಲ್ಲಿಗೆ ಬರುತ್ತಾರೆ. ಅವರೂ ಬರಬೇಕಾದರೆ ಪ್ರಯಾಣದ ಟಿಕೆಟ್, ವಿಮೆ, ಭತ್ಯೆ, ಪಾಸ್‌ಪೋರ್ಟ್ ಕಡತ ಹೊತ್ತಿಗೆ ಸರಿಯಾಗಿ ಆಗಬೇಕು, ಕೋಚ್ ಎರಡು ವರ್ಷವಾದರೂ ಉಳಿಯಬೇಕು.

2023ರ ಕೊನೆಯಲ್ಲಿ ಚೀನಾದ ನೆರವಿನಿಂದ 50,000 ಆಸನಗಳ ಹೊಸ ರಾಷ್ಟ್ರೀಯ ಕ್ರೀಡಾಂಗಣದ ಕೆಲಸಕ್ಕೆ ಚಾಲನೆ ಸಿಕ್ಕಿತು. 2024ರ ಜನವರಿಯಲ್ಲಿ ಹಳೆಯ ಕುಸ್ಕಾತ್ಲಾನ್‌ನಲ್ಲಿ ಮೆಸ್ಸಿ ಸಹಿತ ಇಂಟರ್ ಮಯಾಮಿ ರಾಷ್ಟ್ರೀಯ ತಂಡದೊಡನೆ 0–0 ಆಡಿತು. ಹೊಸ ಕಟ್ಟಡ ಸರಕಾರದ ಕೈಯಲ್ಲಿರುವುದರಿಂದ ಬಾಗಿಲಿನ ಹೊಣೆ ಯಾರದೆಂಬುದಾದರೂ ಸ್ಪಷ್ಟವಾಗಬಹುದು. ಲೀಗ್‌ನ ಕ್ಲಬ್‌ಗಳು ವರ್ಷದ ಬಹುಪಾಲು ಆಡುವುದು ಮಾತ್ರ ಸಾಂಟಾ ಆನಾ, ಸಾನ್ ಮಿಗೆಲ್, ಉಸುಲುತಾನ್, ಮೆತಪಾನ್‌ಗಳ ಚಿಕ್ಕ ಮೈದಾನಗಳಲ್ಲಿ.